ಸತ್ಯನ ಊರು

2025ರ ಜನವರಿ 17ರಂದು ರಾಮ್ ಗೋಪಾಲ್ ವರ್ಮಾ ನಿರ್ದೇಶಿಸಿದ, ಮುಂಬೈಯ ಭೂಗತ ಲೋಕದ ಕಥೆಯ 1998ರ ಹಿಂದಿ ಚಿತ್ರ ‘ಸತ್ಯ’ ಮತ್ತೆ ತೆರೆಗೆ ಬಂತು. ಆ ವಾರವೇ ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ರಾತ್ರಿಯ ಆಟಕ್ಕೆ ಹೋದೆ. ಅರ್ಧಕ್ಕಿಂತ ಹೆಚ್ಚು ಸೀಟುಗಳು ತುಂಬಿದ್ದವು. ಬಂದವರಲ್ಲಿ ಬಹುಪಾಲು ಆ ಚಿತ್ರ ಮೊದಲ ಸಲ ಬಿಡುಗಡೆಯಾದಾಗ ಹುಟ್ಟಿರದ ಹುಡುಗ ಹುಡುಗಿಯರು. ಚಿತ್ರದ ರೌಡಿ ಗುಂಪಿನ ಮುಖಂಡ ಭೀಕು ಮ್ಹಾತ್ರೆ ಕಡಲಂಚಿನ ಬಂಡೆಯ ಮೇಲೆ ನಿಂತು ಮುಂಬೈಯ ದೊರೆ ಯಾರೆಂದು ಕೇಳುವ ಹೊತ್ತಿಗೆ ಮೊಬೈಲ್‌ಗಳು ಮೇಲೆದ್ದವು. ಅವನು ತನ್ನ ಹೆಸರನ್ನು ಕೂಗುವ ಮುಂಚೆಯೇ ಸಭಾಂಗಣ ಕೂಗಿತು. ನಾನೂ ಕೂಗಿದೆ. ಒಂದು ಮಾತು ಇಷ್ಟು ವರ್ಷ ಜನರ ನಾಲಗೆಯ ಮೇಲೆ ಉಳಿಯುವುದು ಸಣ್ಣ ಸಂಗತಿಯಲ್ಲ, ಅದನ್ನು ನಾವೆಲ್ಲ ಸೇರಿ ಹೇಳುವಾಗ ಮೈ ಜುಮ್ಮೆಂದಿತು.

ಆಟ ಮುಗಿದು ಎಸ್ಕಲೇಟರ್‌ನಲ್ಲಿ ಇಳಿಯುತ್ತಿದ್ದಾಗ ನನ್ನ ಮುಂದಿದ್ದ ಹುಡುಗ ಗೆಳೆಯನನ್ನು ಕೇಳಿದ: “ಅದೆಲ್ಲ ಸರಿ, ಈ ಸತ್ಯ ಮುಂಚೆ ಏನು ಮಾಡುತ್ತಿದ್ದ? ಅವನ ಊರು ಯಾವುದು?” “ಅದನ್ನು ಹೇಳುವುದೇ ಇಲ್ಲ,” ಎಂದ ಗೆಳೆಯ, “ಒಂದು ಫ್ಲ್ಯಾಶ್‌ಬ್ಯಾಕ್ ಇಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.” ಇಬ್ಬರೂ ಪಾರ್ಕಿಂಗ್ ಕಡೆಗೆ ಹೊರಟುಹೋದರು. ಆ ಪ್ರಶ್ನೆ ಮಾತ್ರ ನನ್ನ ಜೊತೆ ಮನೆಯವರೆಗೂ ಬಂತು, ವಾರಗಟ್ಟಲೆ ಮನೆಯಲ್ಲೇ ಉಳಿಯಿತು. ಇದೇ ಪ್ರಶ್ನೆಯನ್ನು, ಇದೇ ಸಿನಿಮಾ ಮುಗಿದ ಮೇಲೆ, 1998ರ ಮಳೆಗಾಲದಲ್ಲಿ ಇನ್ನೊಬ್ಬರ ಬಾಯಿಂದ ಕೇಳಿದ್ದೆ. ಅವರಿಗೆ ಫ್ಲ್ಯಾಶ್‌ಬ್ಯಾಕ್ ಬೇಕಿರಲಿಲ್ಲ.

ಅಂಧೇರಿಯ ಮಳೆ

ಪದವಿ ಪರೀಕ್ಷೆ ಮುಗಿಸಿ ಕೆಲಸ ಹುಡುಕುವ ನೆಪದಲ್ಲಿ ಮುಂಬೈಗೆ ಹೋಗಿದ್ದ ಕಾಲ ಅದು. ಕೊಂಕಣ ರೈಲಿನ ಹಳಿ ಪೂರ್ತಿಯಾದ ವರ್ಷ. ಘಟ್ಟ ಸುತ್ತಿ ಬಸ್ಸಿನಲ್ಲಿ ಮೈ ಮುರಿದುಕೊಂಡು ಹೋಗುತ್ತಿದ್ದ ನಮ್ಮ ಕರಾವಳಿಯವರಿಗೆ ಮುಂಬೈ ಒಮ್ಮೆಲೇ ಹತ್ತಿರವಾದಂತೆ ಅನ್ನಿಸಿತ್ತು. ನನ್ನ ಸೋದರಮಾವ ಅಂಧೇರಿ ಪೂರ್ವದ ಒಂದು ಚಾಳಿನ ಖೋಲಿಯಲ್ಲಿದ್ದರು. ಅದೇ ಖೋಲಿಯಲ್ಲಿ ಇನ್ನೂ ನಾಲ್ವರು, ಎಲ್ಲರೂ ನಮ್ಮ ಕಡೆಯವರೇ. ಹಗಲಿನ ಕೆಲಸದವರು ರಾತ್ರಿ, ರಾತ್ರಿಯ ಕೆಲಸದವರು ಹಗಲು ಮಲಗುತ್ತಿದ್ದರಿಂದ ಜಾಗ ಸಾಲುತ್ತಿತ್ತು. ಮಾವ ಹದಿನೈದನೆಯ ವಯಸ್ಸಿಗೆ ಊರು ಬಿಟ್ಟವರು. ಉಡುಪಿ ಹೋಟೆಲಿನಲ್ಲಿ ತಟ್ಟೆ ತೊಳೆದು, ಕನ್ನಡದ ರಾತ್ರಿ ಶಾಲೆಯಲ್ಲಿ ಓದಿ, ಮೇಜು ಒರೆಸುವುದರಿಂದ ಗಲ್ಲಾದವರೆಗೆ ಏರಿದ್ದರು. ನಾನು ಹೋದಾಗ ಅವರು ಹುಡುಗಿಯರು ಕುಣಿಯುವ ಒಂದು ಲೇಡೀಸ್ ಬಾರಿನ ಗಲ್ಲಾದಲ್ಲಿ ಕುಳಿತುಕೊಳ್ಳುತ್ತಿದ್ದರು. ಊರಿಗೆ ಬರೆಯುವ ಕಾಗದಗಳಲ್ಲಿ ‘ಹೋಟೆಲಿನಲ್ಲಿ ಕೆಲಸ’ ಎಂದಷ್ಟೇ ಇರುತ್ತಿತ್ತು. ಅಜ್ಜಿಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮನೆಯ ಹೆಂಚು ಬದಲಾಗಿದ್ದು, ಅಮ್ಮನ ಮದುವೆಯ ಸಾಲ ತೀರಿದ್ದು ಆ ಗಲ್ಲಾದಿಂದ.

ರಾತ್ರಿಯ ಕೆಲಸದವರಿಗೆ ಸಿನಿಮಾ ಎಂದರೆ ಮ್ಯಾಟಿನಿ. ಜುಲೈ ತಿಂಗಳ ಒಂದು ಮಧ್ಯಾಹ್ನ ಮಾವ ನನ್ನನ್ನು ಕರೆದುಕೊಂಡು ಹೋದರು. ಹೊರಗೆ ಕೊಡೆ ನಿಲ್ಲದ ಮಳೆ, ಒಳಗೆ ಒದ್ದೆ ಬಟ್ಟೆಯ ಮುಗ್ಗಲು ವಾಸನೆ, ಫ್ಯಾನುಗಳ ಸದ್ದು. ಮೊದಲ ಕಾಲು ಗಂಟೆ ಮಾವ ಉತ್ಸಾಹದಲ್ಲಿದ್ದರು. ಪರದೆಯ ಮೇಲಿನ ಬಾರನ್ನು ತೋರಿಸಿ, ವೇಟರ್‌ಗಳು ಟ್ರೇ ಹಿಡಿಯುವ ರೀತಿ ಸರಿಯಾಗಿದೆ ಎಂದರು. ಜಗ್ಗಾ ಎಂಬ ರೌಡಿ ಸತ್ಯನ ಮುಖಕ್ಕೆ ಮದ್ಯ ಎರಚುವ ದೃಶ್ಯ ಬಂದಾಗ ಅವರ ಮಾತು ನಿಂತಿತು. ಮುಂದೆ ಮಾಡದ ತಪ್ಪಿಗೆ ಸತ್ಯ ಜೈಲಿಗೆ ಹೋಗುತ್ತಾನೆ, ಅಲ್ಲಿ ಭೀಕುವನ್ನು ಎದುರು ಹಾಕಿಕೊಂಡು ಅವನ ಮನಸ್ಸನ್ನೇ ಗೆಲ್ಲುತ್ತಾನೆ, ಹೊರಗೆ ಬಂದು ಜಗ್ಗಾನನ್ನು ಮುಗಿಸುತ್ತಾನೆ. ಸಭಾಂಗಣದಲ್ಲಿ ಶಿಳ್ಳೆ. ಮಾವ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದರು. ಅದನ್ನು ನೋಡಿದ್ದೆ, ಅದರ ಅರ್ಥ ಕೇಳಿಕೊಳ್ಳಲಿಲ್ಲ.

ಚಿತ್ರದ ಕೊನೆಯ ಭಾಗದಲ್ಲಿ ಸತ್ಯ ಮತ್ತು ಅವನು ಪ್ರೀತಿಸುವ ಹುಡುಗಿ ವಿದ್ಯಾ ಸಿನಿಮಾಕ್ಕೆ ಹೋಗುತ್ತಾರೆ. ಅಲ್ಲಿ ನಡೆಯುತ್ತಿರುವುದು ‘ಬಾರ್ಡರ್’. ಆ ಚಿತ್ರ ಓಡುತ್ತಿದ್ದಾಗಲೇ ದೆಹಲಿಯ ಉಪಹಾರ್ ಚಿತ್ರಮಂದಿರಕ್ಕೆ ಬೆಂಕಿ ಬಿದ್ದು, 1997ರ ಜೂನ್ 13ರಂದು 59 ಜನ ಸತ್ತಿದ್ದರು. ಒಂದೇ ವರ್ಷ ಕಳೆದಿತ್ತು, ನೋಡುವ ಎಲ್ಲರಿಗೂ ಅದು ನೆನಪಿತ್ತು. ಸುಳಿವು ಸಿಕ್ಕಿದ ಪೊಲೀಸರು ಬಾಗಿಲುಗಳನ್ನು ಮುಚ್ಚಿಸಿ, ಒಂದೇ ದಾರಿಯಲ್ಲಿ ಜನರನ್ನು ಹೊರಗೆ ಬಿಡುತ್ತಾರೆ. ಪಕ್ಕದಲ್ಲಿ ಏನೂ ಅರಿಯದ ವಿದ್ಯಾ. ಸತ್ಯ ಪಿಸ್ತೂಲು ತೆಗೆದು ಕೆಳಕ್ಕೆ ಗುಂಡು ಹಾರಿಸುತ್ತಾನೆ, ಜನ ಬಾಗಿಲಿಗೆ ನುಗ್ಗುತ್ತಾರೆ, ಕಾಲ್ತುಳಿತದಲ್ಲಿ ಜೀವಗಳು ಹೋಗುತ್ತವೆ. ಕತ್ತಲೆಯ ಚಿತ್ರಮಂದಿರದಲ್ಲಿ ಕುಳಿತು ಚಿತ್ರಮಂದಿರದ ಬಾಗಿಲು ಮುಚ್ಚುವುದನ್ನು ನೋಡುವಾಗ ನಾನು ತಿರುಗಿ ಹಿಂದಿನ ಬಾಗಿಲನ್ನು ನೋಡಿದ್ದೆ. ಆಗ ಮಾವ ಎದ್ದರು. ಮೂತ್ರಕ್ಕೆ ಹೋದರೆಂದುಕೊಂಡೆ. ಮರಳಿ ಬರಲಿಲ್ಲ. ಆಮೇಲೆ ಭೀಕುವನ್ನು ರಾಜಕಾರಣಿ ಭಾವು ಕೊಲ್ಲುವುದು, ಗಣಪತಿ ವಿಸರ್ಜನೆಯ ಜಂಗುಳಿಯಲ್ಲಿ ಸತ್ಯ ಭಾವುವನ್ನು ಇರಿಯುವುದು, ಒಂದರ ಹಿಂದೆ ಒಂದು. ನಾನು ಮಾವನನ್ನು ಪೂರ್ತಿ ಮರೆತೆ.

ಹೊರಗೆ ಬಂದಾಗ ಅವರು ಟಿಕೆಟ್ ಕಿಟಕಿಯ ಪಕ್ಕದಲ್ಲಿ, ಅರ್ಧ ಮಳೆಯಲ್ಲಿ ನಿಂತಿದ್ದರು. ಮಧ್ಯಂತರದಲ್ಲಿ ಕೊಂಡ ಕಡಲೆಯ ಪೊಟ್ಟಣ ಕೈಯಲ್ಲಿ ಹಾಗೆಯೇ ಇತ್ತು. ಯಾಕೆ ಎದ್ದು ಬಂದಿರೆಂದು ಕೇಳಿದೆ. ಸೆಖೆ ಎಂದರು. ಇಬ್ಬರೂ ಒಂದೇ ಕೊಡೆಯಲ್ಲಿ ನಡೆದೆವು. ಚಾಳಿನ ತಿರುವು ಬರುವಷ್ಟರಲ್ಲಿ ಅವರು ಕೇಳಿದರು: “ಅವನ ಊರು ಯಾವುದೆಂದು ಕೊನೆಗಾದರೂ ಹೇಳಿದರೇ?” ಇಲ್ಲ ಎಂದೆ. “ಹೇಳುವುದಿಲ್ಲ,” ಎಂದರು. ಸ್ವಲ್ಪ ದೂರ ಹೋದ ಮೇಲೆ, “ನಮ್ಮಲ್ಲೂ ಅಂಥವನೊಬ್ಬನಿದ್ದ, ಮಾರಾಯ.” ಮುಂದೆ ಏನಾದರೂ ಹೇಳುತ್ತಾರೆಂದು ಕಾದೆ. ಖೋಲಿಗೆ ಬಂದು ಅಂಗಿ ಬದಲಾಯಿಸಿ, ತಲೆ ಒರೆಸಿಕೊಂಡು ಬಾರಿಗೆ ಹೊರಟುಹೋದರು. ಸಿನಿಮಾದ ಕೊನೆ ಏನಾಯಿತೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಕೊಲೆಗಾರ ಎಷ್ಟು ಹೊತ್ತಿಗೆ ಎದ್ದ?

ಈ ಸಿನಿಮಾ ಹೇಗೆ ಹುಟ್ಟಿತೆಂಬುದರ ಬಗ್ಗೆ ವರ್ಮಾ ಹೇಳಿಕೊಂಡ ಸಂಗತಿಯೊಂದಿದೆ, ನನಗೆ ಬಹಳ ಇಷ್ಟವಾದದ್ದು. 1997ರ ಆಗಸ್ಟ್ 12ರಂದು ಅಂಧೇರಿಯ ಒಂದು ದೇವಸ್ಥಾನದ ಹೊರಗೆ ಸಂಗೀತೋದ್ಯಮಿ ಗುಲ್ಶನ್ ಕುಮಾರ್ ಅವರನ್ನು ಗುಂಡಿಟ್ಟು ಕೊಂದರು. ಸುದ್ದಿ ತಿಳಿದವರು ಅಂದು ಬೆಳಿಗ್ಗೆ ಅವರು ಎಷ್ಟು ಹೊತ್ತಿಗೆ ಎದ್ದರು, ಯಾರ ಜೊತೆ ಮಾತನಾಡಿದರು, ಎಲ್ಲಿಗೆ ಹೊರಟಿದ್ದರು ಎಂದು ವಿವರಿಸುತ್ತಿದ್ದಾಗ ವರ್ಮಾ ಅವರ ತಲೆಯಲ್ಲಿ ಬೇರೆಯೇ ಪ್ರಶ್ನೆ ಎದ್ದಿತಂತೆ: ಹಾಗಾದರೆ ಕೊಂದವನು ಎಷ್ಟು ಹೊತ್ತಿಗೆ ಎದ್ದ? ಬೇಗ ಎಬ್ಬಿಸು ಎಂದು ತಾಯಿಗೆ ಹೇಳಿ ಮಲಗಿದ್ದನೇ? ತಿಂಡಿ ತಿಂದು ಹೋದನೇ, ಬಂದು ತಿಂದನೇ?

ಆ ತನಕ ನಮ್ಮ ಸಿನಿಮಾಗಳ ಭೂಗತ ಲೋಕದವರು ತಿಂಡಿ ತಿನ್ನುತ್ತಿರಲಿಲ್ಲ. ಅವರಿಗೆ ಬಿಳಿ ಕೋಟಿತ್ತು, ಕೈಯಲ್ಲಿ ಸಿಗಾರ್ ಇತ್ತು, ಹಿಂದೆ ಸಮುದ್ರ ಕಾಣುವ ಬಂಗಲೆಯಿತ್ತು. ಭೀಕುವಿಗೆ ಇರುವುದು ಹೆಂಡತಿ, ಮಕ್ಕಳು ಮತ್ತು ತಡವಾಗಿ ಬಂದದ್ದಕ್ಕೆ ಬೈಗುಳ. ಆ ಹೆಂಡತಿ ಪ್ಯಾರಿಯ ಪಾತ್ರದಲ್ಲಿ ಶೆಫಾಲಿ ಶಾ ತೆರೆಯ ಮೇಲೆ ಇರುವುದು ಬಹಳ ಸ್ವಲ್ಪ ಹೊತ್ತು, ಆದರೆ ಆ ಮನೆಯ ಜಗಳಗಳಲ್ಲಿ ಒಂದು ಕ್ಷಣ ಕೈ ಎತ್ತಿ ಮರುಕ್ಷಣ ನಕ್ಕುಬಿಡುವ ಅವರಿಬ್ಬರನ್ನು ನೋಡಿದರೆ ಮದುವೆಯಾಗಿ ಹತ್ತು ವರ್ಷವಾದ ಯಾವುದೇ ಮನೆಯ ಅಡುಗೆಮನೆಯಲ್ಲಿ ನಿಂತಂತಾಗುತ್ತದೆ. ನಾವು ಭೀಕುವನ್ನು ಪ್ರೀತಿಸುವುದು ಆ ಬಂಡೆಯ ಮೇಲಿನ ಕೂಗಿಗಾಗಿ ಎಂದು ಹತ್ತೊಂಬತ್ತರ ವಯಸ್ಸಿನಲ್ಲಿ ನಂಬಿದ್ದೆ. ಈ ಸಲ ನೋಡುವಾಗ ಹಾಗೆ ಅನ್ನಿಸಲಿಲ್ಲ. ಅವನು ಹೆಂಡತಿಗೆ ಹೆದರುತ್ತಾನೆ, ಗೆಳೆಯ ಸತ್ತರೆ ಮಗುವಿನ ಹಾಗೆ ಅಳುತ್ತಾನೆ, ಭಾವು ಎಂಬ ರಾಜಕಾರಣಿಯ ಮಾತನ್ನು ನಂಬುತ್ತಾನೆ. ಆ ನಂಬಿಕೆಗಾಗಿಯೇ ಸಾಯುತ್ತಾನೆ. ಚುನಾವಣೆ ಗೆದ್ದ ಸಂಭ್ರಮದಲ್ಲಿ, ಮಾತಿನ ನಡುವೆ, ಭಾವು ಅವನಿಗೆ ಗುಂಡು ಹೊಡೆಯುತ್ತಾನೆ. ಮುನ್ಸೂಚನೆಯ ಸಂಗೀತವಿಲ್ಲ, ಕೊನೆಯ ಮಾತಿಲ್ಲ, ಗೆಳೆಯನ ತೊಡೆಯ ಮೇಲೆ ತಲೆಯಿಟ್ಟು ಸಾಯುವ ಅವಕಾಶವಿಲ್ಲ. 1998ರಲ್ಲಿ ಆ ಗುಂಡಿನ ಸದ್ದಿಗೆ ಚಿತ್ರಮಂದಿರ ಉಸಿರು ನಿಲ್ಲಿಸಿದ್ದು ನನಗೆ ಈಗಲೂ ಕಿವಿಯಲ್ಲಿದೆ. ಈ ಸಲ ಎಲ್ಲರಿಗೂ ಗೊತ್ತಿತ್ತು. ಎರಡು ಸಾಲು ಮುಂದೆ ಯಾರೋ “ಈಗ ನೋಡು” ಎಂದು ಪಿಸುಗುಟ್ಟಿದರು. ಆದರೂ ಗುಂಡು ಹಾರಿದಾಗ ಬೆಚ್ಚಿಬಿದ್ದೆವು.

ಭೀಕುವಿನ ಬಗ್ಗೆ ಇಷ್ಟೆಲ್ಲ ಹೇಳುವ ಸಿನಿಮಾ ಸತ್ಯನ ಬಗ್ಗೆ ಬಾಯಿ ಬಿಡುವುದಿಲ್ಲ. ಅವನು ಮುಂಬೈಗೆ ಬಂದಿಳಿಯುತ್ತಾನೆ, ಕೆಲಸ ಹುಡುಕುತ್ತಾನೆ. ತಬೇಲಾದಲ್ಲಿ ಎಮ್ಮೆಗಳ ನಡುವೆ ಇರುತ್ತಾನೆ, ಬಾರಿನಲ್ಲಿ ಗ್ಲಾಸು ಎತ್ತುತ್ತಾನೆ. ಹೆಸರಿನ ಮುಂದೆ ಮನೆತನವಿಲ್ಲ, ಮಾತಿನಲ್ಲಿ ಊರಿಲ್ಲ, ಮುಖದಲ್ಲಿ ಹೆಚ್ಚೇನೂ ಇಲ್ಲ. ಸತ್ಯನಾದ ಜೆ.ಡಿ. ಚಕ್ರವರ್ತಿ ಅವರ ಆ ಖಾಲಿ ಮುಖವನ್ನು ಆಗ ಕೆಲವರು ದುರ್ಬಲ ಅಭಿನಯವೆಂದು ದೂರಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ, ಎಲ್ಲರ ಹಾಗೆ ಭೀಕುವಾದ ಮನೋಜ್ ಬಾಜಪೇಯಿ ಅವರ ಹಿಂದೆ ಬಿದ್ದಿದ್ದೆ. ಅವರಿಗೆ ಆ ವರ್ಷ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ಈಗ ನನ್ನ ಅಭಿಪ್ರಾಯ ಬದಲಾಗಿದೆ. ಆ ಮುಖ ಖಾಲಿಯಾಗಿರಲೇಬೇಕಿತ್ತು. ಹೊಸದಾಗಿ ನಗರಕ್ಕೆ ಬಂದು, ಯಾರ ಕಣ್ಣಿಗೂ ಬೀಳದಂತೆ ಬದುಕಲು ಕಲಿಯುವವನ ಮುಖ ಹಾಗೆಯೇ ಇರುತ್ತದೆ. ಮಾವನ ಖೋಲಿಯಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಬಂದು ಮಲಗುತ್ತಿದ್ದ ಹುಡುಗರ ಮುಖ ಹಾಗೆಯೇ ಇತ್ತು. ಊರಿನ ಜಾತ್ರೆಯ ಮಾತು ಬಂದರೆ ಮಾತ್ರ ಆ ಮುಖಗಳು ತೆರೆದುಕೊಳ್ಳುತ್ತಿದ್ದವು.

ಫ್ಲ್ಯಾಶ್‌ಬ್ಯಾಕ್ ಇದ್ದಿದ್ದರೆ ಏನಾಗುತ್ತಿತ್ತು? ಕನ್ನಡದವರಾದ ನಮಗೆ ಹೋಲಿಸಲು ಒಳ್ಳೆಯ ಉದಾಹರಣೆ ಮನೆಯಲ್ಲೇ ಇದೆ. ‘ಸತ್ಯ’ಕ್ಕಿಂತ ಮೂರು ವರ್ಷ ಮುಂಚೆ, 1995ರಲ್ಲಿ, ಉಪೇಂದ್ರ ‘ಓಂ’ ಮಾಡಿದ್ದರು. ನಿಜವಾದ ರೌಡಿಗಳನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿದ ಚಿತ್ರ, ಇಂದಿಗೂ ಮತ್ತೆ ಮತ್ತೆ ತೆರೆಗೆ ಬರುವ ಚಿತ್ರ. ಕಾಕತಾಳೀಯವೆಂದರೆ ಶಿವರಾಜ್‌ಕುಮಾರ್ ಅವರ ಪಾತ್ರದ ಹೆಸರೂ ಸತ್ಯ. ಆ ಸತ್ಯನಿಗೆ ಅರ್ಚಕನಾದ ತಂದೆಯಿದ್ದಾನೆ, ಮನೆಯಿದೆ, ಮಂತ್ರವಿದೆ, ಅವನು ಲಾಂಗು ಹಿಡಿದದ್ದಕ್ಕೆ ಕಾರಣವಿದೆ. ಅವನು ಕೆಟ್ಟದ್ದು ಎಲ್ಲಿಂದ ಎಲ್ಲಿಗೆ ಎಂಬುದನ್ನು ಅಳೆಯಬಹುದು, ಅದಕ್ಕೇ ಅವನಿಗಾಗಿ ಮರುಗುತ್ತೇವೆ. ಅದು ಆ ಚಿತ್ರದ ಶಕ್ತಿ. ವರ್ಮಾ ಅವರ ಸತ್ಯನಿಗೆ ಅಳತೆಗೋಲೇ ಇಲ್ಲ. ಅವನಿಗೊಂದು ತಾಯಿಯನ್ನು, ಒಂದು ಸುಟ್ಟ ಮನೆಯನ್ನು, ಒಂದು ಸೇಡನ್ನು ಕೊಟ್ಟಿದ್ದರೆ ಅವನು ಒಬ್ಬನೇ ಆಗಿಬಿಡುತ್ತಿದ್ದ. ಕೊಡದೆ ಇದ್ದುದರಿಂದ ಅವನು ಆ ಖೋಲಿಗಳಲ್ಲಿ ಮಲಗಿದ್ದ ಯಾರಾದರೂ ಆಗಬಲ್ಲವನಾದ.

ಹೊರಗಿನವರು ಕಂಡ ಮುಂಬೈ

ಈ ಚಿತ್ರವನ್ನು ಮುಂಬೈಯ ಸಿನಿಮಾ ಎನ್ನುತ್ತಾರೆ. ಮಾಡಿದವರ ಪಟ್ಟಿ ನೋಡಿದರೆ ಬೇರೆಯೇ ಕಥೆಯಿದೆ. ವರ್ಮಾ ಮತ್ತು ಚಕ್ರವರ್ತಿ ತೆಲುಗು ಚಿತ್ರರಂಗದಿಂದ ಬಂದವರು. ಮರಾಠಿ ಭೀಕುವಾಗಿ ಮುಂಬೈಯನ್ನೇ ನಂಬಿಸಿದ ಬಾಜಪೇಯಿ ಬಿಹಾರದ ಬೆಲ್ವಾ ಎಂಬ ಹಳ್ಳಿಯವರು. ಚಿತ್ರಕಥೆ ಬರೆದ ಇಬ್ಬರಲ್ಲಿ ಸೌರಭ್ ಶುಕ್ಲಾ ದೆಹಲಿಯ ರಂಗಭೂಮಿಯಿಂದ ಬಂದವರು, ಚಿತ್ರದಲ್ಲಿ ಕಲ್ಲು ಮಾಮಾನ ಪಾತ್ರ ಮಾಡಿದವರೂ ಅವರೇ. ಇನ್ನೊಬ್ಬರು ಉತ್ತರ ಪ್ರದೇಶದಿಂದ ಬಂದ, ಆಗಿನ್ನೂ ಹೆಸರು ಮಾಡಿರದ ಅನುರಾಗ್ ಕಶ್ಯಪ್. ಕ್ಯಾಮೆರಾ ಹಿಡಿದ ಇಬ್ಬರಲ್ಲಿ ಜೆರಾರ್ಡ್ ಹೂಪರ್ ಅಮೆರಿಕದವರು. ಇನ್ನು, ಗುಂಡಿಗಿಂತ ಆಳವಾಗಿ ಇಳಿಯುವ ಆ ಹಿನ್ನೆಲೆ ಸಂಗೀತ ಕೊಟ್ಟ ಸಂದೀಪ್ ಚೌಟ ನಮ್ಮ ತುಳು ಲೇಖಕ, ರಂಗಕರ್ಮಿ ಡಿ.ಕೆ. ಚೌಟರ ಮಗ. ಇದು ಗೊತ್ತಾದ ದಿನ ನನಗೆ ವಿಚಿತ್ರವಾದ ಸಂತೋಷವಾಗಿತ್ತು. ಮಾವ ಎದ್ದುಹೋದ ಆ ದೃಶ್ಯದ ಹಿಂದೆಯೂ ನಮ್ಮ ಕರಾವಳಿಯ ಒಬ್ಬರ ಕೈಯಿತ್ತು.

ನಗರವನ್ನು ಅಲ್ಲೇ ಹುಟ್ಟಿದವರು ಒಂದು ರೀತಿ ನೋಡುತ್ತಾರೆ, ಬಂದಿಳಿದವರು ಇನ್ನೊಂದು ರೀತಿ. ಇಳಿದವನಿಗೆ ಮೊದಲು ಕಾಣುವುದು ಸಮುದ್ರವಲ್ಲ. ಮಲಗಲು ಜಾಗ ಎಲ್ಲಿ, ಯಾರಿಗೆ ಎಷ್ಟು ಕೊಡಬೇಕು, ಯಾರ ಎದುರು ಕಣ್ಣೆತ್ತಬಾರದು ಎಂಬುದು. ‘ಸತ್ಯ’ದಲ್ಲಿ ಮುಂಬೈ ಕಾಣುವುದು ಹಾಗೆ. ಒದ್ದೆ ಗೋಡೆ, ಕಿರಿದಾದ ಮೆಟ್ಟಿಲು, ಎದುರುಬದುರು ತೆರೆಯುವ ಎರಡು ಬಾಗಿಲು. ಆ ಎದುರು ಬಾಗಿಲಲ್ಲಿ ವಿದ್ಯಾ ಇದ್ದಾಳೆ. ಹಿನ್ನೆಲೆ ಗಾಯಕಿಯಾಗಬೇಕೆಂದು ಒದ್ದಾಡುತ್ತಿರುವ, ಹಾಸಿಗೆ ಹಿಡಿದ ತಂದೆಯಿರುವ ಹುಡುಗಿ. ಸತ್ಯ ಅವಳಿಗೆ ತಿಳಿಯದಂತೆ ಸಂಗೀತ ನಿರ್ದೇಶಕನನ್ನು ಬೆದರಿಸಿ ಅವಕಾಶ ಕೊಡಿಸುತ್ತಾನೆ. ಮೊದಲ ಸಲ ನೋಡಿದಾಗ ಅದು ನನಗೆ ಪ್ರೇಮದ ದೃಶ್ಯವಾಗಿತ್ತು. ಈಗ ಅದೇ ದೃಶ್ಯ ನೋಡಿ ಹೊಟ್ಟೆ ಹಿಂಡಿದಂತಾಯಿತು. ಸಂಗೀತೋದ್ಯಮದ ದೊಡ್ಡ ಹೆಸರೊಂದನ್ನು ಹಗಲಲ್ಲೇ ಕೊಂದು ಒಂದು ವರ್ಷವೂ ಆಗಿರದ ನಗರದಲ್ಲಿ ಆ ಬೆದರಿಕೆ ಏನೆಂಬುದು ಎಲ್ಲರಿಗೂ ಗೊತ್ತಿತ್ತು. ವಿದ್ಯಾಳ ದನಿಯಲ್ಲಿ ನಾವು ಕೇಳುವ ಸಂತೋಷ ಯಾರದೋ ಹೆದರಿಕೆಯ ಮೇಲೆ ನಿಂತಿದೆ. ಅವಳಿಗೆ ಅದು ಕೊನೆಯವರೆಗೂ ತಿಳಿಯುವುದಿಲ್ಲ. ಊರ್ಮಿಳಾ ಮಾತೋಂಡ್ಕರ್ ಅವರನ್ನು ಆ ಪಾತ್ರದಲ್ಲಿ ನಾವು ಸಾಕಷ್ಟು ಗಮನಿಸಲೇ ಇಲ್ಲವೆಂದು ನನಗೆ ಅನ್ನಿಸುತ್ತದೆ.

ಉಳಿದದ್ದು, ಹೋದದ್ದು

‘ಸತ್ಯ’ದ ನಂತರ ಬಂದದ್ದನ್ನು ಎಣಿಸುವುದು ಸುಲಭ. ವರ್ಮಾ ಅವರೇ 2002ರಲ್ಲಿ ‘ಕಂಪನಿ’ ಮಾಡಿದರು. ಕಶ್ಯಪ್ 2012ರಲ್ಲಿ ‘ಗ್ಯಾಂಗ್ಸ್ ಆಫ್ ವಾಸೇಪುರ್’ ಮಾಡುವ ಹೊತ್ತಿಗೆ ಹೊಸ ತಲೆಮಾರಿಗೆ ಗುರುವಿನಂತಾಗಿದ್ದರು. ಡ್ಯಾನಿ ಬಾಯ್ಲ್ ತಮ್ಮ ‘ಸ್ಲಮ್‌ಡಾಗ್ ಮಿಲಿಯನೇರ್’ಗೆ ಪ್ರಭಾವಗಳಲ್ಲಿ ‘ಸತ್ಯ’ವನ್ನೂ ಹೆಸರಿಸಿದರು. ಮುಖ್ಯ ಪಾತ್ರಕ್ಕೆ ತಾರೆ ಬೇಕಿಲ್ಲ, ಬೀದಿಯ ಭಾಷೆಯೇ ಸಂಭಾಷಣೆಯಾಗಬಲ್ಲದು, ಪೋಷಕ ನಟರೇ ಚಿತ್ರವನ್ನು ಹೊರಬಲ್ಲರು ಎಂಬ ಧೈರ್ಯ ಹಿಂದಿಯಲ್ಲಷ್ಟೇ ಅಲ್ಲ, ಎಲ್ಲ ಭಾಷೆಗಳಲ್ಲೂ ಬಂತು. ಈ ಋಣ ದೊಡ್ಡದು.

ಆದರೆ ಅನುಕರಿಸಿದವರು ಎತ್ತಿಕೊಂಡದ್ದು ಭೀಕುವಿನ ಕೂಗನ್ನು, ಬೈಗುಳವನ್ನು, ಓರೆಯಾಗಿ ಹಿಡಿದ ಕ್ಯಾಮೆರಾವನ್ನು. ಅವನ ಅಡುಗೆಮನೆ ಹಿಂದೆಯೇ ಉಳಿಯಿತು. ಸತ್ಯನ ಮೌನವನ್ನಂತೂ ಯಾರೂ ಮುಟ್ಟಲಿಲ್ಲ. ಮುಂದಿನ ಭೂಗತ ಚಿತ್ರಗಳಲ್ಲಿ ಪ್ರತಿ ಕೊಲೆಗಾರನಿಗೂ ಒಂದು ಬಾಲ್ಯ ಬಂತು, ಬಾಲ್ಯಕ್ಕೊಂದು ಹಾಡು ಬಂತು, ನಿಧಾನಗತಿಯ ನಡಿಗೆ ಬಂತು, ಅವನು ಸಾಯುವಾಗ ಇಡೀ ನಗರ ಅತ್ತಿತು. ಸಾವಿಗೆ ಇಷ್ಟು ಅಲಂಕಾರ ಮಾಡಿದರೆ ಅದು ಸಾವೆಂದೇ ಅನ್ನಿಸುವುದಿಲ್ಲ. ಪೊಲೀಸರ ವಿಷಯದಲ್ಲೂ ಹಾಗೆಯೇ ಆಯಿತು. ‘ಸತ್ಯ’ದ ಪೊಲೀಸರು ಹಿಡಿದವರನ್ನು ಹಿಂಸಿಸುತ್ತಾರೆ, ರಸ್ತೆಯಲ್ಲಿ ಕೊಲ್ಲುತ್ತಾರೆ. ಚಿತ್ರ ಅದನ್ನು ತೋರಿಸಿ ಸುಮ್ಮನಾಗುತ್ತದೆ, ಚಪ್ಪಾಳೆಗೆ ಜಾಗ ಮಾಡಿಕೊಡುವುದಿಲ್ಲ. ಆಮೇಲಿನ ವರ್ಷಗಳಲ್ಲಿ ಎನ್‌ಕೌಂಟರ್ ಮಾಡುವ ಅಧಿಕಾರಿಗಳೇ ನಾಯಕರಾದ ಸಿನಿಮಾಗಳು ಸಾಲುಗಟ್ಟಿ ಬಂದವು, ನಾವು ಎದ್ದು ನಿಂತು ಶಿಳ್ಳೆ ಹಾಕಿದೆವು. 2006ರಲ್ಲಿ ಮುಂಬೈಯಲ್ಲಿ ನಡೆದ ಒಂದು ಎನ್‌ಕೌಂಟರ್ ನಕಲಿಯೆಂದು ಸಾಬೀತಾಗಿ, 2013ರಲ್ಲಿ ನ್ಯಾಯಾಲಯ ಪೊಲೀಸರಿಗೇ ಜೀವಾವಧಿ ಶಿಕ್ಷೆ ಕೊಟ್ಟಾಗ ಆ ಶಿಳ್ಳೆಗಳನ್ನು ನೆನೆದು ನನಗೆ ನಾಚಿಕೆಯಾಗಿತ್ತು.

ವರ್ಮಾ ಕೂಡ ಈ ಮರುಬಿಡುಗಡೆಯ ಸಂದರ್ಭದಲ್ಲಿ ಸಿನಿಮಾ ನೋಡಿ ಅತ್ತರು. ಯಾರು ನೋಡಿದರೂ ಪರವಾಗಿಲ್ಲವೆಂಬಂತೆ ಅತ್ತದ್ದನ್ನು ಅವರೇ ಬಹಿರಂಗವಾಗಿ ಬರೆದುಕೊಂಡರು. ಕಣ್ಣೀರು ಬಂದದ್ದು ಸಿನಿಮಾಕ್ಕಾಗಿ ಮಾತ್ರವಲ್ಲ, ಅದಾದ ಮೇಲೆ ತಾನು ಏನಾದೆನೆಂಬುದಕ್ಕಾಗಿ. ಕುಡಿತದಿಂದಲ್ಲ, ಗೆಲುವು ಮತ್ತು ಅಹಂಕಾರದಿಂದ ಅಮಲೇರಿತ್ತು ಎಂದು ಒಪ್ಪಿಕೊಂಡರು. ಅದನ್ನು ಓದಿ ಹಲವರು ಅವರನ್ನು ಆಡಿಕೊಂಡರು. ನನಗೆ ಆಡಿಕೊಳ್ಳಲು ಮನಸ್ಸು ಬರಲಿಲ್ಲ. ತಾನೇ ಮಾಡಿದ ಒಳ್ಳೆಯ ಕೆಲಸದ ಎದುರು ಇಷ್ಟು ವರ್ಷಗಳ ನಂತರ ಕುಳಿತು, ನಾನು ಎಲ್ಲಿಂದ ಹೊರಟಿದ್ದೆ ಎಂದು ಕೇಳಿಕೊಳ್ಳುವುದು ಯಾವ ಮನುಷ್ಯನಿಗೂ ಸುಲಭವಲ್ಲ. ಆ ಚಿತ್ರ ಅವರಿಗೂ ಊರಾಗಿತ್ತು, ಅವರು ಅದನ್ನು ಬಿಟ್ಟು ಬಹಳ ದೂರ ಬಂದಿದ್ದರು.

ಫೋನು

ಮಾವ ಈಗ ಊರಲ್ಲಿದ್ದಾರೆ. 2005ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಡ್ಯಾನ್ಸ್ ಬಾರ್‌ಗಳನ್ನು ನಿಷೇಧಿಸಿದಾಗ ಅವರ ಗಲ್ಲಾ ಮುಚ್ಚಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧ ಸರಿಯಲ್ಲವೆಂದಿತು, ಅಷ್ಟರಲ್ಲಿ ಮಾವನ ತೋಟದಲ್ಲಿ ಅಡಿಕೆ ಫಸಲು ಬರಲು ಶುರುವಾಗಿತ್ತು. ಅಲ್ಲಿ ಕುಣಿಯುತ್ತಿದ್ದ ಹುಡುಗಿಯರು ಎಲ್ಲಿಗೆ ಹೋದರೆಂದು ಒಮ್ಮೆ ಕೇಳಿದ್ದೆ. “ಅವರಿಗೂ ಊರಿತ್ತಲ್ಲ,” ಎಂದಿದ್ದರು, “ಆದರೆ ಅವರು ಊರಿಗೆ ಹೋಗುವ ಹಾಗಿರಲಿಲ್ಲ.”

ಎಸ್ಕಲೇಟರ್‌ನ ಹುಡುಗನ ಪ್ರಶ್ನೆಯನ್ನು ಹೊತ್ತುಕೊಂಡು ತಿರುಗುತ್ತಿದ್ದ ದಿನಗಳಲ್ಲಿ ಒಂದು ಭಾನುವಾರ ಅವರಿಗೆ ಫೋನು ಮಾಡಿದೆ. ಅಂಗಳದಲ್ಲಿ ಅಡಿಕೆ ಹರಡಿದ್ದರು, ಮಾತಿನ ನಡುವೆ ಕೋಳಿ ಓಡಿಸುವ ಸದ್ದು ಕೇಳುತ್ತಿತ್ತು. ಆ ಸಿನಿಮಾ ಮತ್ತೆ ನೋಡಿದೆ ಎಂದು ಹೇಳಿದೆ. ಯಾವ ಸಿನಿಮಾ ಎಂದು ಕೇಳಲಿಲ್ಲ. ಕೆಲವು ಕ್ಷಣ ಬಿಟ್ಟು, “ಕೊನೆಗೆ ಏನಾಯಿತು?” ಎಂದರು. ಇಷ್ಟು ವರ್ಷಗಳಲ್ಲಿ ಅದು ಟಿವಿಯಲ್ಲಿ ಎಷ್ಟು ಸಲ ಬಂದಿರಲಿಕ್ಕಿಲ್ಲ! ಅವರು ಒಮ್ಮೆಯೂ ನೋಡಿರಲಿಲ್ಲ.

ಹೇಳಿದೆ. ಭೀಕು ಸತ್ತದ್ದು, ಸತ್ಯ ಸೇಡು ತೀರಿಸಿಕೊಂಡದ್ದು. ಗಾಯಗೊಂಡ ಸತ್ಯ ವಿದ್ಯಾಳ ಮನೆಯ ಮುಂದೆ ಬಂದು ಬಾಗಿಲು ಬಡಿಯುವುದು.

“ತೆರೆದಳೇ?”

“ಇಲ್ಲ, ಮಾವ. ಪೊಲೀಸರು ಅವಳಿಗೆ ಅಷ್ಟರಲ್ಲಿ ಅವನು ಯಾರೆಂದು ಹೇಳಿರುತ್ತಾರೆ. ಅವನೇ ಬಾಗಿಲು ಒಡೆಯುತ್ತಾನೆ. ಒಳಗೆ ಕಾಲಿಡುವಾಗ ಗುಂಡು ಹೊಡೆಯುತ್ತಾರೆ.”

ಫೋನಿನಲ್ಲಿ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಸಂಪರ್ಕ ತಪ್ಪಿತೇನೋ ಎಂದು ಎರಡು ಸಲ ಕರೆದೆ.

“ನಮ್ಮ ಹುಡುಗ ಒಡೆಯಲಿಲ್ಲ,” ಎಂದರು ಮಾವ. “ಮೂರು ಸಲ ಬಡಿದ. ನನ್ನ ಹೆಸರು ಹಿಡಿದು ಕರೆದ. ಒಳಗೆ ನಾವು ಐದು ಜನ ಎದ್ದೇ ಇದ್ದೆವು. ಆಮೇಲೆ ಮೆಟ್ಟಿಲು ಇಳಿದು ಹೋದ.”

ಯಾವಾಗ ಎಂದು ಕೇಳಿದೆ. ನಾನು ಮುಂಬೈಗೆ ಹೋಗುವ ಹಿಂದಿನ ಮಳೆಗಾಲ ಎಂದರು. ಬಾರಿನಲ್ಲಿ ಗ್ಲಾಸು ಎತ್ತುತ್ತಿದ್ದ, ಒಂದು ರಾತ್ರಿ ಒಬ್ಬ ಗಿರಾಕಿಯ ಮೇಲೆ ಕೈ ಮಾಡಿದ, ಆ ಗಿರಾಕಿ ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಅಷ್ಟೇ ಹೇಳಿದರು. ಆಮೇಲೆ ಅವನನ್ನು ಯಾರೂ ನೋಡಲಿಲ್ಲ.

“ಸಿನಿಮಾದವರು ಹೇಳದಿದ್ದರೆ ಹೋಗಲಿ,” ಎಂದರು ಮಾವ. “ಅವನ ಊರು ನನಗೆ ಗೊತ್ತಿತ್ತು. ಹೆಬ್ರಿಯಿಂದ ಒಳಗೆ, ಹೊಳೆ ದಾಟಿ ಹೋಗಬೇಕು. ಮನೆಯ ಎದುರು ಒಂದು ದೊಡ್ಡ ಹಲಸಿನ ಮರವಿದೆಯೆಂದು ಹೇಳುತ್ತಿದ್ದ. ಇಲ್ಲಿಂದ ಒಂದು ಗಂಟೆಯ ದಾರಿ. ಊರಿಗೆ ಬಂದು ಇಪ್ಪತ್ತು ವರ್ಷವಾಯಿತು, ಒಮ್ಮೆಯೂ ಆ ಕಡೆ ಹೋಗಲಿಲ್ಲ.”

ಮುಂದಿನ ತಿಂಗಳು ಬಂದಾಗ ಕಾರು ತರಲು ಹೇಳಿದರು.